ಕ್ಯಾಪು ಬಿಚ್ಚೋಕೆ ಉಳಿ-ಸುತ್ತಿಗೆ ಯಾಕೆ ಸ್ವಾಮಿ?

ಮೈಸೂರು: ಹಳೇ ಜಾವಾ, ಯೆಜ್ಡಿ ಗಾಡಿಗಳಿಗೆ ಮತ್ತೆ ಕಾಲ ಬಂದಿದೆ. ಕೊಟ್ಟಿಗೆಯ ಮೂಲೆಯಲ್ಲಿ, ಅಂಗಡಿ ಹಿಂದಿನ ಗೋದಾಮಿನಲ್ಲಿ ಗೋಣಿಚೀಲ ಹೊದ್ದು ಮಲಗಿದ್ದವು ಒಂದೊಂದಾಗಿ ಎದ್ದು ಗ್ಯಾರೇಜು ಸೇರುತ್ತಿವೆ. ಇಂಜಿನ್ ಬಿಚ್ಚಿ ಕಟ್ಟಿಸುತ್ತಾರೆ, ಟ್ಯಾಂಕಿಗೆ ಬಣ್ಣ ಹೊಡೆಸುತ್ತಾರೆ, ಸೈಲೆನ್ಸರಿಗೆ ಕ್ರೋಮ್ ಮಾಡಿಸುತ್ತಾರೆ. ಎಲ್ಲ ಸರಿ. ಆದರೆ ಮುಂದಿನ ಫೋರ್ಕಿನ ಸರದಿ ಬಂದಾಗ ಮಾತ್ರ ರಾಮಾಯಣ ಶುರು. ಫೋರ್ಕಿನ ನೆತ್ತಿಯ ಮೇಲೆ ಕೂತ ಕ್ಯಾಪು ಜಪ್ಪಯ್ಯ ಅಂದರೂ ಅಲ್ಲಾಡುವುದಿಲ್ಲ!

ಆಮೇಲೆ ನಡೆಯುವುದು ಎಲ್ಲರೂ ನೋಡಿರುವುದೇ. ಸ್ಪ್ಯಾನರ್ ಜಾರುತ್ತದೆ. ಪೈಪ್ ರೆಂಚು ಬರುತ್ತದೆ. ಅದಕ್ಕೂ ಬಗ್ಗದಿದ್ದರೆ ಉಳಿ, ಸುತ್ತಿಗೆ. ನಾಲ್ಕು ಏಟಿಗೆ ಕ್ಯಾಪಿನ ಮೂಲೆ ಎಲ್ಲಾ ಸವೆದು ಗೋಲಿಯಾಗುತ್ತದೆ. ಗಾಡಿ ಯಜಮಾನನಿಗೆ ಆಗ ಸಿಗುವ ಉತ್ತರ ಒಂದೇ: "ಏನ್ ಮಾಡೋದು ಸಾರ್, ಹಳೇ ಗಾಡಿ ಅಲ್ವಾ!"

ಹಳೇದು ನಿಜ. ಅದಕ್ಕೇ ಹುಷಾರು ಹೆಚ್ಚು ಬೇಕು ಎಂಬುದು ಬಲ್ಲವರ ಮಾತು.

ಹೋದರೆ ಹೋಯಿತು

ಐಡಿಯಲ್ ಜಾವಾ ಕಂಪನಿ ಮೈಸೂರಿನಲ್ಲಿ ಹುಟ್ಟಿದ್ದು 1960ರಲ್ಲಿ. ಜೆಕೊಸ್ಲೊವಾಕಿಯಾದ ಲೈಸೆನ್ಸಿನ ಮೇಲೆ ಯಾದವಗಿರಿಯ ಕಾರ್ಖಾನೆಯಲ್ಲಿ ಗಾಡಿಗಳು ತಯಾರಾದವು. 1973ರಿಂದ ಹೆಸರು ಯೆಜ್ಡಿ ಆಯಿತು. ಕಿಕ್ಕರಿಗೂ ಗೇರಿಗೂ ಒಂದೇ ಲಿವರ್ ಇದ್ದ ಆ ಗಾಡಿ ಹಾಲಿನವರಿಂದ ಹಿಡಿದು ಮೇಷ್ಟ್ರುಗಳವರೆಗೆ ಎಲ್ಲರ ಮನೆ ಮುಂದೆಯೂ ನಿಂತಿತ್ತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು.

2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರಿನ ಗಾಡಿಗಳು ಮತ್ತೆ ಬಂದವು, ನಿಜ. ಆದರೆ ಅವು ಬೇರೆಯೇ ಗಾಡಿ. ಅದರ ಕ್ಯಾಪು ತಂದು ಇದಕ್ಕೆ ಹಾಕುವಂತಿಲ್ಲ. ಬಜಾರಿನಲ್ಲಿ ನಕಲಿ ಮಾಲು ಸಿಗುತ್ತದೆ. ಥ್ರೆಡ್ಡು ಸರಿಯಾಗಿ ಕೂರುತ್ತದೋ ಇಲ್ಲವೋ ಅದೃಷ್ಟಕ್ಕೆ ಬಿಟ್ಟದ್ದು. ಹೀಗಾಗಿ ಅಪ್ಪನ ಕಾಲದ ಗಾಡಿಯಲ್ಲಿರುವ ಕ್ಯಾಪು ಒಂದು ಸಲ ಹೋದರೆ ಹೋಯಿತು. ಕ್ಯಾಪಿನ ಜೊತೆಗೆ ಕೊಳವೆಯ ಥ್ರೆಡ್ಡೂ ಹೋದರಂತೂ ಮುಗಿದೇ ಹೋಯಿತು.

"ಹಾಗಾದರೆ ಬಿಚ್ಚೋದೇ ಬೇಡ, ಓಡ್ತಾ ಇದೆಯಲ್ಲ" ಎನ್ನುವವರೂ ಇದ್ದಾರೆ. ಅದೂ ತಪ್ಪೇ. ಬ್ರೇಕ್ ಹಿಡಿದಾಗ ಗಾಡಿಯ ಭಾರವೆಲ್ಲ ಮುಂದಕ್ಕೆ ವಾಲುತ್ತದೆ. ಫೋರ್ಕಿನೊಳಗೆ ಎಣ್ಣೆ ಬತ್ತಿದ್ದರೆ ಚಕ್ರ ಗುಂಡಿಗೆ ಬಿದ್ದಾಗ ಚೆಂಡಿನಂತೆ ಪುಟಿಯುತ್ತದೆ. ನೆಲ ಬಿಟ್ಟ ಚಕ್ರಕ್ಕೆ ಬ್ರೇಕ್ ಇದ್ದರೇನು, ಬಿಟ್ಟರೇನು? ಬಣ್ಣ ಮಾಡಿಸಿ, ಫೋರ್ಕ್ ಹಾಗೇ ಬಿಟ್ಟ ಗಾಡಿ ಮೆರವಣಿಗೆಗೆ ಸರಿ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗಲು ಅಲ್ಲ.

ಬಿಗಿ ಇರುವುದು ಎಲ್ಲಿ?

ಕ್ಯಾಪು ಯಾಕೆ ಹಾಗೆ ಹಿಡಿದುಕೊಳ್ಳುತ್ತದೆ? ಮೊದಲನೆಯದು ತುಕ್ಕು. ಮಳೆನೀರು ಕ್ಯಾಪಿನ ಅಂಚಿನಲ್ಲಿ ನಿಂತು ಥ್ರೆಡ್ಡಿಗೆ ಇಳಿಯುತ್ತದೆ. ಕ್ಯಾಪು ಅಲ್ಯೂಮಿನಿಯಂ, ಕೊಳವೆ ಉಕ್ಕು ಆಗಿದ್ದರೆ ಇನ್ನೂ ಕಷ್ಟ. ಎರಡು ಜಾತಿಯ ಲೋಹದ ನಡುವೆ ನೀರು ಸೇರಿದರೆ ಅಲ್ಯೂಮಿನಿಯಂ ಕೊರೆದು ಬಿಳಿ ಪುಡಿಯಾಗಿ ಥ್ರೆಡ್ಡಿನ ಸಂದಿಯನ್ನೆಲ್ಲ ಗಾರೆ ಹಾಕಿದಂತೆ ತುಂಬಿಬಿಡುತ್ತದೆ.

ಎರಡನೆಯದನ್ನು ಎಷ್ಟೋ ಜನ ಮರೆಯುತ್ತಾರೆ. ಬಹಳ ಗಾಡಿಗಳಲ್ಲಿ ಕೊಳವೆಯ ಮೇಲ್ತುದಿಯನ್ನು ಹ್ಯಾಂಡಲ್ ಕೆಳಗಿನ ಪಟ್ಟಿ ತಬ್ಬಿ ಹಿಡಿದಿರುತ್ತದೆ. ಅದನ್ನು ಬಿಗಿಯುವ ಬೋಲ್ಟು ಪಕ್ಕದಲ್ಲಿ ಇರುತ್ತದೆ. ಆ ಬೋಲ್ಟು ಬಿಗಿಯಾಗಿದ್ದಷ್ಟು ಹೊತ್ತೂ ಕೊಳವೆ ಕ್ಯಾಪನ್ನು ಹಿಸುಕುತ್ತಲೇ ಇರುತ್ತದೆ. ಮೇಲಿನ ಬೋಲ್ಟು ಸಡಿಲಿಸಬೇಕು, ಕೆಳಗಿನದು ಬಿಗಿಯಾಗಿಯೇ ಇರಬೇಕು. ಆಗ ಕೊಳವೆ ತಿರುಗದೆ ನಿಲ್ಲುತ್ತದೆ, ಕ್ಯಾಪಿಗೆ ಮಾತ್ರ ಬಿಡುಗಡೆ. ಎಷ್ಟೋ ಸಲ ಇಷ್ಟಕ್ಕೇ ಕೆಲಸ ಆಗಿಬಿಡುತ್ತದೆ!

ಫೋರ್ಕನ್ನು ಮೊದಲು ಗಾಡಿಯಿಂದ ಕಳಚಿ, ಆಮೇಲೆ ವೈಸಿಗೆ ಸಿಕ್ಕಿಸಿ ತಿರುಗಿಸುವುದು ಉಲ್ಟಾ ಕೆಲಸ. ಗಾಡಿಗಿಂತ ಗಟ್ಟಿಯಾದ ವೈಸು ಯಾವುದಿದೆ? ವೈಸಿನ ಹಲ್ಲು ಕೊಳವೆಯ ನುಣುಪು ಮೈಗೆ ಗೀರು ಹಾಕಿದರೆ ಆಯಿಲ್ ಸೀಲು ಎಷ್ಟು ಹೊಸದು ಹಾಕಿದರೂ ಎಣ್ಣೆ ಸೋರುತ್ತದೆ.

ಕಾಯುವುದೂ ಕೆಲಸವೇ

ಪಳಗಿದ ಮೇಸ್ತ್ರಿಗಳ ಕ್ರಮ ಹೀಗಿದೆ. ಗಾಡಿ ಸೆಂಟರ್ ಸ್ಟ್ಯಾಂಡಿಗೆ ಹಾಕಿ, ಇಂಜಿನ್ ಕೆಳಗೆ ಮರದ ದಿಮ್ಮಿ ಕೊಟ್ಟು ಮುಂದಿನ ಚಕ್ರ ನೆಲದಿಂದ ಎತ್ತುತ್ತಾರೆ. ಕ್ಯಾಪಿನ ಸುತ್ತ ತಂತಿ ಬ್ರಷ್ಷಿನಿಂದ ಉಜ್ಜುತ್ತಾರೆ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿ ಪೂರ್ತಿ ಹಾಗೇ ಬಿಡುತ್ತಾರೆ. ಬೆಳಿಗ್ಗೆ ಇನ್ನೊಂದು ಸಲ ಎಣ್ಣೆ. ಹಿತ್ತಾಳೆ ತುಂಡು ಕ್ಯಾಪಿನ ಮೇಲಿಟ್ಟು ಸುತ್ತಿಗೆಯಲ್ಲಿ ಹದವಾಗಿ ಟಕ್ ಟಕ್ ತಟ್ಟುತ್ತಾರೆ. ಅದು ಹೊಡೆತವಲ್ಲ, ಎಬ್ಬಿಸುವುದು. ತುಕ್ಕು ಬಿರುಕು ಬಿಟ್ಟು ಎಣ್ಣೆಗೆ ದಾರಿಯಾಗುತ್ತದೆ.

ಸ್ಪ್ಯಾನರ್ ಆರಿಸುವುದರಲ್ಲೂ ಗುಟ್ಟಿದೆ. ಹನ್ನೆರಡು ಮೂಲೆಯ ಬಾಕ್ಸು ಬೇಡ, ಆರು ಮೂಲೆಯದೇ ಬೇಕು. ಬಾಕ್ಸಿನ ಬಾಯಿ ಒಳಗಡೆ ಸ್ವಲ್ಪ ಇಳಿಜಾರಾಗಿರುತ್ತದೆ. ತೆಳ್ಳಗಿನ ಕ್ಯಾಪಿನ ಮೇಲೆ ಅದು ಜಾರುವುದು ಅದಕ್ಕೇ. ಗ್ರೈಂಡರಿನಲ್ಲಿ ಬಾಯಿ ಸಪಾಟು ಮಾಡಿಕೊಂಡರೆ ಕಚ್ಚಿ ಹಿಡಿಯುತ್ತದೆ. ಮೊದಲು ಕೂದಲೆಳೆಯಷ್ಟು ಬಿಗಿಯುವ ಕಡೆಗೆ, ಆಮೇಲೆ ಬಿಚ್ಚುವ ಕಡೆಗೆ. ಹೀಗೆ ಆಚೆ ಈಚೆ ಆಡಿಸಿದರೆ ಥ್ರೆಡ್ಡು ಉಳಿಯುತ್ತದೆ.

ಅದಕ್ಕೂ ಬಾರದಿದ್ದರೆ ಬಿಸಿ. ಆದರೆ ಬೆಂಕಿ ಹತ್ತಿರ ತರುವ ಮುಂಚೆ ಪೆಟ್ರೋಲ್ ಟ್ಯಾಂಕ್ ಇಳಿಸಿ ದೂರ ಇಡಬೇಕು, ಫೋರ್ಕಿನ ಕೆಳಗಿನ ಸ್ಕ್ರೂ ತೆಗೆದು ಹಳೇ ಎಣ್ಣೆ ಬಸಿಯಬೇಕು, ಮೇಲೆ ಬಿಟ್ಟ ಎಣ್ಣೆಯನ್ನೂ ಒರೆಸಬೇಕು. ಮುಚ್ಚಿದ ಕೊಳವೆಯಲ್ಲಿ ಎಣ್ಣೆ ಕಾಯಿಸುವುದು ಹುಡುಗಾಟವಲ್ಲ. ಗ್ಯಾಸಿನ ಜ್ವಾಲೆಗಿಂತ ಬಿಸಿಗಾಳಿಯ ಗನ್ನು ವಾಸಿ. ಕ್ರೋಮ್ ನೀಲಿಯಾಗುವ ಭಯವಿಲ್ಲ. ಕ್ಯಾಪು ಉಕ್ಕಿನದಾದರೆ ಕೊಳವೆಯ ಹೊರಮೈಗೆ ಬಿಸಿ ಕೊಡಬೇಕು. 35 ಮಿಲಿಮೀಟರ್ ಅಗಲದ ಕೊಳವೆ ನೂರು ಡಿಗ್ರಿ ಹೆಚ್ಚು ಕಾದರೆ ಹಿಗ್ಗುವುದು ಮಿಲಿಮೀಟರಿನ ನೂರರಲ್ಲಿ ನಾಲ್ಕು ಪಾಲು. ಅಷ್ಟೇ ಸಾಕು! ಕ್ಯಾಪು ಅಲ್ಯೂಮಿನಿಯಂ ಆದರೆ ಲೆಕ್ಕ ಬೇರೆ. ಅದು ಉಕ್ಕಿಗಿಂತ ಸುಮಾರು ಎರಡರಷ್ಟು ಹಿಗ್ಗುತ್ತದೆ. ಬಿಸಿಯಲ್ಲಿ ತಿರುಗಿಸಿದರೆ ಇನ್ನೂ ಬಿಗಿ. ಕಾಯಿಸಿ, ಆರಲು ಬಿಟ್ಟು, ಕುಗ್ಗಿ ಬಿಟ್ಟುಕೊಂಡ ಮೇಲೆ ತಿರುಗಿಸಬೇಕು.

ಮುಖ ದೂರ ಇರಲಿ

ಕ್ಯಾಪು ಸಡಿಲವಾಯಿತೆಂದು ಖುಷಿಯಲ್ಲಿ ಬಗ್ಗಿ ನೋಡಬೇಡಿ. ಒಳಗೆ ಸ್ಪ್ರಿಂಗು ಒತ್ತಿಕೊಂಡು ಕೂತಿರುತ್ತದೆ. ಕೊನೆಯ ಒಂದೆರಡು ಸುತ್ತು ಅಂಗೈಯಿಂದ ಒತ್ತಿ ಹಿಡಿದೇ ಬಿಡಿಸಬೇಕು. ಇಲ್ಲದಿದ್ದರೆ ಕ್ಯಾಪು ಹಾರಿ ಹಲ್ಲಿಗೋ ಕಣ್ಣಿಗೋ ಬಂತು ಅಂತಲೇ ಲೆಕ್ಕ. ಕೆಲವು ಗಾಡಿಗಳಲ್ಲಿ ಕ್ಯಾಪಿಗೆ ಥ್ರೆಡ್ಡೇ ಇರುವುದಿಲ್ಲ; ಅದುಮಿ ಹಿಡಿದು ತಂತಿಯ ಉಂಗುರ ತೆಗೆಯಬೇಕು. ಅದನ್ನು ತಿರುಗಿಸುತ್ತಾ ಕೂತರೆ ಸಂಜೆಯಾದರೂ ಬಾರದು.

ತಿರುಗಿ ಕಟ್ಟುವಾಗ ಥ್ರೆಡ್ಡಿಗೆ ಗ್ರೀಸು, ಕ್ಯಾಪಿಗೆ ಹೊಸ ರಬ್ಬರ್ ಉಂಗುರ, ಎರಡೂ ಕಾಲಿಗೆ ಅಳತೆ ಮಾಡಿದ ಸಮಾನ ಎಣ್ಣೆ. ಬಿಗಿ ಹದವಾಗಿರಲಿ. ಮುಂದೆ ಯಾರೋ ಬಿಚ್ಚಬೇಕಲ್ಲ!

ಕಾದ ರಾತ್ರಿಗೆ ಕೂಲಿ?

ಇಷ್ಟೆಲ್ಲ ಗೊತ್ತಿದ್ದೂ ಉಳಿ ಯಾಕೆ ಹೊರಗೆ ಬರುತ್ತದೆ? ಇಲ್ಲಿ ಗಿರಾಕಿಯ ಪಾಲೂ ಇದೆ. ಬೆಳಿಗ್ಗೆ ಗಾಡಿ ಬಿಟ್ಟು "ಸಂಜೆ ಅಂಗಡಿ ಬಾಗಿಲು ಹಾಕೋ ಹೊತ್ತಿಗೆ ರೆಡಿ ಇರ್ಲಿ" ಎನ್ನುತ್ತಾರೆ. ಎರಡು ದಿನ ಬೇಕು ಎಂದ ಮೇಸ್ತ್ರಿ ಸೋಮಾರಿ, ಸಂಜೆಗೇ ಕೊಟ್ಟವನು ಚುರುಕು! ಬಿಲ್ಲು ಬರೆಯುವಾಗ ಬಿಚ್ಚಿದ್ದಕ್ಕೆ ಕೂಲಿ ಉಂಟು, ಎಣ್ಣೆ ಬಿಟ್ಟು ಕಾದದ್ದಕ್ಕೆ ಕಾಸಿಲ್ಲ. ಹೀಗಾದರೆ ಯಾವ ಹುಡುಗ ತಾಳ್ಮೆ ಕಲಿಯುತ್ತಾನೆ?

ಇಪ್ಪತ್ತು ಮೂವತ್ತು ವರ್ಷ ಕೂತ ತುಕ್ಕು ಒಂದೇ ಸಂಜೆಗೆ ಬಿಡು ಅಂದರೆ ಬಿಡುತ್ತದೆಯೇ? ಗ್ಯಾರೇಜಿಗೆ ಗಾಡಿ ಬಿಡುವವರು ಎರಡು ದಿನ ಬಸ್ಸಿನಲ್ಲಿ ಓಡಾಡಲಿ, ಕಾದ ಮೇಸ್ತ್ರಿಗೆ ನಾಲ್ಕು ಕಾಸು ಹೆಚ್ಚೇ ಕೊಡಲಿ. ಒಡೆದು ಹೋದ ಕ್ಯಾಪನ್ನು ಗುಜರಿ ಅಂಗಡಿಗಳಲ್ಲಿ ತಿಂಗಳುಗಟ್ಟಲೆ ಹುಡುಕುವುದಕ್ಕಿಂತ ಅದು ಅಗ್ಗ.