ಬೇಲಿಯಿಲ್ಲದ ಹೊಲಗಳ ಊರು, ಡ್ರಂಬುಯಿ

ಸ್ಕಾಟ್ಲೆಂಡಿನ ವಾಯವ್ಯ ಕರಾವಳಿಯಲ್ಲಿ, ಸ್ಕೈ ದ್ವೀಪದ ಕಡೆ ಮುಖಮಾಡಿರುವ ಪುಟ್ಟ ಊರು ಡ್ರಂಬುಯಿ. ಹತ್ತಿರದ ಡ್ಯೂರಿನಿಶ್ ನಿಲ್ದಾಣದಲ್ಲಿ ಕೋರಿದರಷ್ಟೇ ರೈಲು ನಿಲ್ಲುತ್ತದೆ. ಅಲ್ಲಿಂದ ಊರನ್ನೂ ಅದರ ಕಡಲಂಚನ್ನೂ ಸುತ್ತಿಬರಲು ಅರ್ಧ ದಿನವೂ ಬೇಡ, ಏರುಗುಡ್ಡಗಳ ಆಯಾಸವೂ ಇಲ್ಲ. ಕಲ್ಲುಬಂಡೆಗಳ ತೀರ, ಆಚೆ ಸ್ಕೈ ಮತ್ತು ರಾಸೆ ದ್ವೀಪಗಳ ಬೆಟ್ಟಸಾಲು, ಈಚೆ ಹುಲ್ಲು ಬೆಳೆದ ಉದ್ದುದ್ದ ಹೊಲದ ಪಟ್ಟಿಗಳು. ನೋಡಿದವರು ಇದನ್ನು ಪ್ರಕೃತಿಯ ಕೊಡುಗೆ ಎಂದು ನಂಬಿಬಿಡುವುದು ಸಹಜ. ಆದರೆ ಈ ಹಾದಿಯನ್ನು ಇಷ್ಟು ಸಲೀಸಾಗಿ ಉಳಿಸಿರುವುದು ಸಣ್ಣ ರೈತರ ದುಡಿಮೆ, ಮತ್ತು ಅವರನ್ನು ಒಕ್ಕಲೆಬ್ಬಿಸದಂತೆ ತಡೆದ ಕಾನೂನು.

ಇಲ್ಲಿನ ಸಣ್ಣ ಗೇಣಿ ಹಿಡುವಳಿಗೆ ‘ಕ್ರೋಫ್ಟ್’ ಎಂದು ಹೆಸರು, ಅದನ್ನು ಮಾಡುವವರು ಕ್ರೋಫ್ಟರುಗಳು. ಮನೆಯ ಸುತ್ತ ಅಥವಾ ಊರ ಬಯಲಿನಲ್ಲಿ ತಮ್ಮ ಪಾಲಿನ ಒಂದಿಷ್ಟು ಪಟ್ಟಿ, ಜೊತೆಗೆ ಗುಡ್ಡದ ಮೇಲೆ ಊರಿಗೆಲ್ಲ ಸೇರಿದ ಗೋಮಾಳದಲ್ಲಿ ಮೇಯಿಸುವ ಹಕ್ಕು. ಬೆಳೆ ನಿಂತಿರುವ ತಿಂಗಳುಗಳಲ್ಲಿ ದನ-ಕುರಿ ಗುಡ್ಡದಲ್ಲಿ, ಕೊಯ್ಲು ಮುಗಿದ ಮೇಲೆ ಹೊಲದಲ್ಲಿ. ಹೊಲಗಳ ನಡುವೆ ಬೇಲಿ ಹಾಕದೆ ಬದುಕಬೇಕಾದರೆ ಯಾರು ಯಾವಾಗ ದನ ಬಿಡಬೇಕು ಎಂಬುದನ್ನು ಊರೆಲ್ಲ ಕೂಡಿ ಪಾಲಿಸಲೇಬೇಕು. ಹಾಗೆಂದು ಇದನ್ನು ಅನಾದಿ ಕಾಲದ ಸುಖೀ ಗ್ರಾಮಜೀವನ ಎನ್ನುವುದು ಚರಿತ್ರೆಗೆ ಮಾಡುವ ಅನ್ಯಾಯ. ಹೈಲ್ಯಾಂಡ್ ಪ್ರದೇಶದ ಬಹುಪಾಲು ಕ್ರೋಫ್ಟುಗಳು ಹುಟ್ಟಿದ್ದು ಹದಿನೆಂಟು-ಹತ್ತೊಂಬತ್ತನೇ ಶತಮಾನಗಳಲ್ಲಿ, ಜಮೀನುದಾರರು ಒಳನಾಡಿನ ಕಣಿವೆಗಳನ್ನು ಕುರಿ ಸಾಕಣೆಗೆ ತೆರವು ಮಾಡಿಸಿ ಒಕ್ಕಲುಗಳನ್ನು ಕಡಲಂಚಿಗೆ ತಳ್ಳಿದಾಗ. ಎಷ್ಟೋ ಕಡೆ ಪಾಲುಗಳನ್ನು ಬೇಕೆಂದೇ ಚಿಕ್ಕದಾಗಿಟ್ಟರು. ಹೊಟ್ಟೆ ತುಂಬದಿದ್ದರೆ ತಾನೆ ಜನ ಕಡಲಪಾಚಿ ಸುಟ್ಟು ಕ್ಷಾರ ತೆಗೆಯುವ ಕೂಲಿಗೆ ಬರುವುದು! ಆ ಉದ್ಯಮ ಕುಸಿಯಿತು, 1846ರಲ್ಲಿ ಆಲೂಗೆಡ್ಡೆಗೆ ರೋಗ ಬಂತು. 1882ರಲ್ಲಿ ಸ್ಕೈ ದ್ವೀಪದ ಬ್ರೇಸ್‌ನಲ್ಲಿ ಗೇಣಿದಾರರು ಪೊಲೀಸರನ್ನು ಎದುರಿಸಿ ನಿಂತರು. ಕ್ರೋಫ್ಟರುಗಳ ಸ್ಥಿತಿಗತಿ ವಿಚಾರಿಸಲು ಸರ್ಕಾರ ನೇಪಿಯರ್ ಆಯೋಗವನ್ನು ನೇಮಿಸಿತು. ಅದರ ಬಳಿಕ ಬಂದ 1886ರ ಕಾಯ್ದೆ ನ್ಯಾಯವಾದ ಗೇಣಿಯನ್ನೂ ಗೇಣಿಯ ಭದ್ರತೆಯನ್ನೂ ಅದು ಮಕ್ಕಳಿಗೆ ಇಳಿದುಬರುವ ಹಕ್ಕನ್ನೂ ಕೊಟ್ಟಿತು. ಕೊಡದೆ ಬಿಟ್ಟದ್ದು ಒಡೆತನವನ್ನು. ಕ್ರೋಫ್ಟ್ ಕೊಂಡುಕೊಳ್ಳುವ ಹಕ್ಕಿಗೆ 1976ರವರೆಗೆ ಕಾಯಬೇಕಾಯಿತು.

ಈ ಭದ್ರತೆಗೆ ದೊಡ್ಡ ಪರೀಕ್ಷೆ ಎದುರಾದದ್ದು ಡ್ರಂಬುಯಿಯಲ್ಲೇ. ಉತ್ತರ ಸಮುದ್ರದಲ್ಲಿ ತೈಲ ಸಿಕ್ಕಿದ ಮೇಲೆ ಕಾಂಕ್ರೀಟಿನ ಬೃಹತ್ ತೈಲವೇದಿಕೆಗಳನ್ನು ಕಟ್ಟಲು ದಡಕ್ಕೆ ಹತ್ತಿರವೇ ಆಳವಾದ ನೀರು ಬೇಕಿತ್ತು, ಅದು ಇಲ್ಲಿತ್ತು. ಟೇಲರ್ ವುಡ್ರೋ ಮತ್ತು ಮೌಲೆಮ್ ಕಂಪನಿಗಳು ಈ ಜಾಗ ಕೇಳಿದವು. ಆದರೆ ಊರು ಬಾಲ್ಮಕಾರಾ ಎಸ್ಟೇಟಿಗೆ ಸೇರಿದ್ದು. ಎಸ್ಟೇಟು 1946ರಲ್ಲಿ ದಾನವಾಗಿ ನ್ಯಾಷನಲ್ ಟ್ರಸ್ಟ್ ಫಾರ್ ಸ್ಕಾಟ್ಲೆಂಡ್ ಸಂಸ್ಥೆಯ ಕೈಸೇರಿತ್ತು, ಪರಭಾರೆ ಮಾಡಲಾಗದ ಭೂಮಿ ಎಂದು ಘೋಷಿತವಾಗಿತ್ತು. ಸಾರ್ವಜನಿಕ ವಿಚಾರಣೆ ನಡೆದು 1974ರಲ್ಲಿ ಸರ್ಕಾರ ಅನುಮತಿ ನಿರಾಕರಿಸಿತು. ಕೆಲಸವಿಲ್ಲದ ಸೀಮೆಗೆ ಬಂದ ಉದ್ಯೋಗವನ್ನು ದೂಡಿ, ನೋಟದ ಚೆಲುವನ್ನು ಕಾಯ್ದುಕೊಂಡದ್ದು ಸರಿಯೇ ಎಂಬ ಪ್ರಶ್ನೆ ಹಗುರವಾದದ್ದಲ್ಲ. ಅದಕ್ಕೆ ಉತ್ತರ ಊರಿನ ಬಡಗಣ ದಿಕ್ಕಿನ ಕಿಶಾರ್ನ್ ಕೊಲ್ಲಿಯಲ್ಲಿ ಸಿಗುತ್ತದೆ. ವೇದಿಕೆ ಕಟ್ಟುವ ಅಂಗಳ ಅಲ್ಲಿ ಎದ್ದಿತು. ಸಾವಿರಾರು ಮಂದಿ ದುಡಿದರು. 1978ರಲ್ಲಿ ಸುಮಾರು 6 ಲಕ್ಷ ಟನ್ ತೂಕದ ನಿನಿಯನ್ ಸೆಂಟ್ರಲ್ ವೇದಿಕೆ ಅಲ್ಲಿಂದ ಕಡಲಿಗಿಳಿಯಿತು. 1980ರ ದಶಕ ಮುಗಿಯುವ ಮೊದಲೇ ಅಂಗಳ ಮುಚ್ಚಿತು. ದುಡಿದವರಿಗೆ ಆ ವರ್ಷಗಳ ಸಂಬಳ ಸಣ್ಣ ಮಾತಲ್ಲ, ನಿಜ. ಆದರೆ ಕೆಲವೇ ವರ್ಷ ಬಾಳುವ ಕೆಲಸಕ್ಕೆ ಮತ್ತೊಂದು ಜಾಗವಿತ್ತು. ಡ್ರಂಬುಯಿಯ ಹೊಲಗಳ ಮೇಲೆ ಕಾಂಕ್ರೀಟು ಬಿದ್ದಿದ್ದರೆ ಅವು ಮರಳಿ ಹೊಲವಾಗುತ್ತಿರಲಿಲ್ಲ.

ಕ್ರೋಫ್ಟಿಂಗ್‌ನಿಂದ ಇವತ್ತು ಯಾರ ಸಂಸಾರ ನಡೆಯುತ್ತದೆ, ಇದು ಪ್ರವಾಸಿಗರ ಕಣ್ಣಿಗೆ ಇಟ್ಟ ಪ್ರದರ್ಶನವಲ್ಲವೇ ಎಂದು ಕೇಳುವವರಿದ್ದಾರೆ. ಬರಿಯ ಬೇಸಾಯದಿಂದ ಸಂಸಾರ ನಡೆಯದು ಎಂಬುದು ಸರಿ. ಅದು ಎಂದೂ ನಡೆದಿರಲಿಲ್ಲ. ಹಿಂದೆ ಮೀನುಗಾರಿಕೆ, ಈಗ ಸಂಬಳದ ಕೆಲಸ ಅಥವಾ ಪ್ರವಾಸೋದ್ಯಮ ಜೊತೆಗೂಡಿಯೇ ಕ್ರೋಫ್ಟರನ ಬದುಕು ಸಾಗಿದೆ. ಆದ್ದರಿಂದ ಹೊಲದ ಆದಾಯವೊಂದನ್ನೇ ಅಳೆದು ಈ ವ್ಯವಸ್ಥೆ ಸೋತಿತೆಂದು ತೀರ್ಪು ಕೊಡಲಾಗದು. ಊರಲ್ಲಿ ಜನ ಉಳಿದಿದ್ದಾರೆಯೇ ಎಂಬುದೇ ಕೇಳಬೇಕಾದ ಪ್ರಶ್ನೆ. ನನಗೆ ಆತಂಕವಿರುವುದೂ ಅಲ್ಲಿಯೇ: ಚೆಲುವಾದ ಕರಾವಳಿಯಲ್ಲಿ ಮನೆಗಳು ಹೊರಗಿನವರ ರಜಾಮನೆಗಳಾಗಿಬಿಟ್ಟರೆ ಗೋಮಾಳದ ಕಟ್ಟುಪಾಡು ನಡೆಸುವವರು ಯಾರು? ಕ್ರೋಫ್ಟರ್ ತನ್ನ ಹಿಡುವಳಿಯ 32 ಕಿಲೋಮೀಟರ್ ಒಳಗೆ ವಾಸಿಸಬೇಕು, ಭೂಮಿಯನ್ನು ಪಾಳು ಬಿಡಬಾರದು ಎಂದು ಈಗಿನ ಕಾನೂನು ಹೇಳುತ್ತದೆ. ನಡೆಯಲು ಬರುವವರಿಗೂ 2003ರ ಭೂಸುಧಾರಣಾ ಕಾಯ್ದೆ ಜವಾಬ್ದಾರಿಯಿಂದ ಓಡಾಡುವ ಹಕ್ಕನ್ನು ಕೊಟ್ಟಿದೆ. ಎಂದರೆ ಬೆಳೆ ತುಳಿಯದೆ ಅಂಚಿನಲ್ಲಿ ಸಾಗುವುದು, ಗೇಟುಗಳನ್ನು ಇದ್ದಂತೆಯೇ ಬಿಟ್ಟುಹೋಗುವುದು, ಕುರಿಮರಿಗಳಿರುವ ಕಾಲದಲ್ಲಿ ನಾಯಿಯನ್ನು ಹಗ್ಗದಲ್ಲಿ ಹಿಡಿಯುವುದು.