ಕಾಳಿ ದಂಡೆಯ ಒಲೆ, ಕಾವೇರಿ ದಂಡೆಯ ದೀಪ

ರಾಮನಾಥಪುರ: ಕರೆಂಟು ಹೋದರೆ ಲೈನ್‌ಮನ್‌ಗೆ ಬೈಗುಳ, ಬಂದರೆ ಕೇಳೋರಿಲ್ಲ. ಎಲ್ಲಿಂದ ಬರುತ್ತೆ ಅಂದರೆ ಜೋಗ ಅಂತಲೋ ರಾಯಚೂರು ಅಂತಲೋ ಹೇಳಿಬಿಡುವುದು ರೂಢಿ. ಕೈಗಾ ಹೆಸರು ನಾಲಿಗೆಗೆ ಬರುವುದು ಕಡಿಮೆ.

ಉತ್ತರ ಕನ್ನಡದ ಕಾರವಾರ ತಾಲ್ಲೂಕಿನ ಕಾಡಿನಲ್ಲಿ, ಕಾಳಿ ನದಿಯ ದಂಡೆಯಲ್ಲಿದೆ ಕೈಗಾ. ಅಲ್ಲಿ ತಲಾ 220 ಮೆಗಾವಾಟಿನ ನಾಲ್ಕು ಅಣುವಿದ್ಯುತ್ ಘಟಕಗಳು, ಒಟ್ಟು 880. ಆ ವಿದ್ಯುತ್ತು ದಕ್ಷಿಣದ ರಾಜ್ಯಗಳು ಹಂಚಿಕೊಳ್ಳುವ ಜಾಲಕ್ಕೆ ಸೇರುತ್ತದೆ. ಸೇರಿದ ಮೇಲೆ ಇದು ಜೋಗದ್ದು, ಇದು ಕೈಗಾದ್ದು ಎಂದು ಬೇರ್ಪಡಿಸಲು ಆಗದು, ಸಂಗಮದ ನೀರಿನ ಹಾಗೆ. ರಾಮನಾಥಪುರದ ಅಂಗಡಿಯ ಬಲ್ಬಿಗೂ ಅದರ ಪಾಲುಂಟು.

ಒಲೆ ಉರಿಯುವ ಬಗೆ

ಬಾಂಬಿನ ಹೆಸರು ಕೇಳಿ ಬೆಚ್ಚುವವರಿಗೆ ಒಂದು ಮಾತು: ಸ್ಥಾವರವೆಂದರೆ ಕೊನೆಗೂ ನೀರು ಕಾಯಿಸುವ ಒಲೆಯೇ. ಸೌದೆ, ಕಲ್ಲಿದ್ದಲಿನ ಬದಲು ಯುರೇನಿಯಂ. ಅದರ ಪರಮಾಣು ಒಡೆದಾಗ ಹುಟ್ಟುವ ಶಾಖವನ್ನು ಭಾರಜಲ ಹೊತ್ತೊಯ್ದು, ಬೇರೆ ನೀರನ್ನು ಆವಿ ಮಾಡುತ್ತದೆ. ಆವಿ ಟರ್ಬೈನು ತಿರುಗಿಸುತ್ತದೆ. ತಣಿಸಲು ಕದ್ರಾ ಜಲಾಶಯದ ನೀರು. ಮಳೆ ಕೈಕೊಟ್ಟರೆ ಜಲವಿದ್ಯುತ್ತು ಸೊರಗುತ್ತದೆ. ಈ ಒಲೆ ಹಗಲೂ ರಾತ್ರಿ ಒಂದೇ ಸಮ ಉರಿಯುತ್ತದೆ. ಮೊದಲ ಘಟಕ 2016ರ ಮೇ ತಿಂಗಳಿಂದ 2018ರ ಡಿಸೆಂಬರ್ 31ರವರೆಗೆ ಒಮ್ಮೆಯೂ ನಿಲ್ಲದೆ 962 ದಿನ ನಡೆದು ವಿಶ್ವದಾಖಲೆ ಮಾಡಿತು.

ಆದರೆ ಈ ಒಲೆಯ ಬೂದಿಯನ್ನು ತಿಪ್ಪೆಗೆ ಚೆಲ್ಲುವಂತಿಲ್ಲ. ಉರಿದ ಇಂಧನವನ್ನು ವರ್ಷಗಟ್ಟಲೆ ನೀರಿನ ಕೊಳದಲ್ಲಿಟ್ಟು ಕಾಯಬೇಕು.

ಗುಮ್ಮಟ ಕಳಚಿತು

ಕೆಲಸ ಶುರುವಾದದ್ದು 1989ರಲ್ಲಿ. ಚೆರ್ನೋಬಿಲ್ ದುರಂತ ನಡೆದು ಮೂರೇ ವರ್ಷ. ವಿರೋಧ ಜೋರಾಗಿತ್ತು. ಡಾ. ಶಿವರಾಮ ಕಾರಂತರು ಇಳಿವಯಸ್ಸಿನಲ್ಲಿ ಅದೇ ವರ್ಷ ಲೋಕಸಭೆ ಚುನಾವಣೆಗೇ ನಿಂತರು. ಸೋತರು, ಆದರೆ ಅವರು ಎತ್ತಿದ ಪ್ರಶ್ನೆ ಸೋಲಲಿಲ್ಲ.

1994ರ ಮೇ 13ರಂದು ಕಟ್ಟುತ್ತಿದ್ದ ಗುಮ್ಮಟದ ಒಳಮೈಯಿಂದ ಸುಮಾರು 130 ಟನ್ ಕಾಂಕ್ರೀಟು ಕಳಚಿ ಬಿತ್ತು. 14 ಮಂದಿ ಗಾಯಗೊಂಡರು. ಇಂಧನ ತುಂಬಿರಲಿಲ್ಲ, ಬಚಾವು! ಗುಮ್ಮಟದ ವಿನ್ಯಾಸವನ್ನೇ ಬದಲಿಸಬೇಕಾಯಿತು. ಎರಡನೇ ಘಟಕವೇ ಮುಂಚೆ, 2000ದ ಮಾರ್ಚಿನಲ್ಲಿ ವಾಣಿಜ್ಯ ಉತ್ಪಾದನೆಗಿಳಿಯಿತು, ಒಂದನೆಯದು ನವೆಂಬರಿನಲ್ಲಿ. ಮೂರನೆಯದು 2007ಕ್ಕೆ, ನಾಲ್ಕನೆಯದು 2011ಕ್ಕೆ.

2009ರ ನವೆಂಬರಿನಲ್ಲಿ ಮತ್ತೊಂದು ಗಲಿಬಿಲಿ. ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂ ಬೆರೆತ ಭಾರಜಲ ಸೇರಿ, ಹತ್ತಾರು ನೌಕರರ ಮೂತ್ರ ಪರೀಕ್ಷೆಯಲ್ಲಿ ಅದು ಕಾಣಿಸಿಕೊಂಡಿತು. ಒಳಗಿನವರದೇ ಕಿತಾಪತಿ ಎಂದು ಅಧಿಕಾರಿಗಳು ಶಂಕಿಸಿದರು. ಯಂತ್ರಕ್ಕೆ ಎಷ್ಟು ಬೀಗ ಹಾಕಿದರೇನು, ಮನುಷ್ಯನ ಮೇಲೂ ಕಣ್ಣಿರಬೇಕಲ್ಲ!

ಬೆಲೆ ತೆತ್ತವರು

ಕಾಳಿ ಕಣಿವೆಯ ಜನ ತೆತ್ತದ್ದು ಮೀಟರಿನ ಬಿಲ್ಲಿನಲ್ಲಿ ಕಾಣುವುದಿಲ್ಲ. ಸ್ಥಾವರಕ್ಕೆ ಭೂಮಿ ಹೋಯಿತು. ಕದ್ರಾ, ಕೊಡಸಳ್ಳಿ ಅಣೆಕಟ್ಟೆಗಳಿಗೆ ಊರು, ಗದ್ದೆ, ಕಾಡು ಹೋದವು. ಹಾಸನ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗೊರೂರಿನ ಹೇಮಾವತಿ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಏಳುವ ಶೆಟ್ಟಿಹಳ್ಳಿ ಇಗರ್ಜಿಯನ್ನು ನೋಡಲು ಜನ ಹೋಗುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ಆ ಊರಿನವರು ಎಲ್ಲಿಗೆ ಹೋದರು ಅಂತ ಕೇಳುವವರು ಎಷ್ಟು ಮಂದಿ?

ಈಗ ಕೈಗಾಕ್ಕೆ ತಲಾ 700 ಮೆಗಾವಾಟಿನ ಇನ್ನೆರಡು ಘಟಕಗಳು ಬರಲಿವೆ. 2018ರ ಡಿಸೆಂಬರಿನ ಸಾರ್ವಜನಿಕ ಅಹವಾಲು ಸಭೆಯಲ್ಲಿ ಆಕ್ಷೇಪಣೆಗಳ ಮಳೆಯೇ ಸುರಿಯಿತು. 2019ರಲ್ಲಿ ಪರಿಸರ ಅನುಮತಿ ಸಿಕ್ಕಿತು. ಬೇಕು ಅನ್ನೋರಿಗೂ ಬೇಡ ಅನ್ನೋರಿಗೂ ಅವರವರ ಕಾರಣಗಳಿವೆ. ಆದರೆ ಸಭೆ ನಡೆದದ್ದು ಕಾಳಿ ಸೀಮೆಯಲ್ಲಿ. ವಿದ್ಯುತ್ತು ಉರಿಸುವ ನಾವು ಅಲ್ಲಿರಲಿಲ್ಲ.

ಸ್ವಿಚ್ಚು ಒತ್ತುವವನಿಗೂ ಒಲೆ ಕಾಯುವವನಿಗೂ ನಡುವೆ ತಂತಿಯೊಂದೇ ಇದ್ದರೆ ಸಾಲದು; ಲೆಕ್ಕವೂ ಇರಬೇಕು. ಊರು ಬಿಟ್ಟವರಿಗೆ ಸಿಕ್ಕಿದ್ದೆಷ್ಟು, ಬೂದಿ ಕಾಯುವುದು ಎಷ್ಟು ವರ್ಷ, ಕೂಲರಿಗೆ ಬೀಗವಿದೆಯೇ ಎಂದು ಕೇಳುವ ಹಕ್ಕು ಕೈಗಾದವರಿಗೆ ಮಾತ್ರವಲ್ಲ, ಬಿಲ್ಲು ಕಟ್ಟುವ ರಾಮನಾಥಪುರದವರಿಗೂ ಉಂಟು.