ಕೊರಿಯಾದ ಖಾರದ ಹಸಿ ಸೊಪ್ಪಿನ ಪಚಡಿ

ಕಿತ್ತ ಸೊಪ್ಪು ಕಾಯುವುದಿಲ್ಲ ಎಂಬುದು ಸೊಪ್ಪು ಬೆಳೆಯುವ ರೈತರಿಗೆಲ್ಲ ಗೊತ್ತಿರುವ ಮಾತು. ಬೆಳಿಗ್ಗೆ ಕಿತ್ತದ್ದು ಸಂಜೆಗೆ ಬಾಡುತ್ತದೆ. ಪೇಟೆಯಲ್ಲಿ ಬೆಲೆ ಬಿದ್ದ ದಿನ ಕಿತ್ತ ಕೂಲಿಯೂ ಹುಟ್ಟುವುದಿಲ್ಲ. ಇಂಥ ಸೊಪ್ಪನ್ನು ಅಂದಿನ ಊಟಕ್ಕೇ, ಒಲೆ ಹಚ್ಚದೆ, ಕಾಲು ಗಂಟೆಯಲ್ಲಿ ರುಚಿಯಾದ ವ್ಯಂಜನವಾಗಿಸುವ ಕ್ರಮವೊಂದು ಕೊರಿಯಾದ ಮನೆಗಳಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಈ ಪಚಡಿಯ ಹೆಸರು 'ಗೊತ್‌ಜೊರಿ'.

ಇದನ್ನು ಮಾಡುವುದು ಬಲು ಸುಲಭ. ಆದರೆ ಹಸಿ ಸೊಪ್ಪನ್ನು ನಿಶ್ಚಿಂತೆಯಿಂದ ತಿನ್ನುವ ಸ್ಥಿತಿಗೆ ಬರಲು ದಕ್ಷಿಣ ಕೊರಿಯಾ ಸುಮಾರು ಮೂವತ್ತು ವರ್ಷ ದುಡಿಯಬೇಕಾಯಿತು. ಸೊಪ್ಪು ಬೆಳೆಯುವವರಿಗೆ ಪಚಡಿಯ ವಿಧಾನಕ್ಕಿಂತ ಈ ಸಂಗತಿಯೇ ಹೆಚ್ಚು ಮುಖ್ಯ. ಆದುದರಿಂದ ಎರಡನ್ನೂ ಇಲ್ಲಿ ವಿವರಿಸಲಾಗಿದೆ.

ಗೊತ್‌ಜೊರಿ ಎಂದರೇನು?

ಕೊರಿಯಾ ಭಾಷೆಯಲ್ಲಿ 'ಗೊತ್' ಎಂದರೆ ಹೊರಮೈ. 'ಜೊರಿ' ಎಂಬುದು ಉಪ್ಪು ಹಿಡಿಸುವುದಕ್ಕೆ ಸಂಬಂಧಿಸಿದ ಮಾತು. ಉಪ್ಪು ಖಾರಗಳು ಎಲೆಯ ಹೊರಮೈಗೆ ಮಾತ್ರ ತಗಲುವಂತೆ ಕಲಸಿ, ಕೂಡಲೇ ತಿನ್ನುವ ಪದಾರ್ಥ ಇದು. ಆ ದೇಶದ ಪ್ರಸಿದ್ಧ ಉಪ್ಪಿನಕಾಯಿಯಾದ ಕಿಮ್ಚಿಯನ್ನು ವಾರ, ತಿಂಗಳುಗಟ್ಟಲೆ ಹುಳಿ ಬರಿಸಿ ಇಡುತ್ತಾರೆ. ಗೊತ್‌ಜೊರಿಯನ್ನು ಹುಳಿ ಬರಿಸುವುದಿಲ್ಲ, ನಾಳೆಗೆ ಇಡುವುದೂ ಇಲ್ಲ.

ಅಲ್ಲಿಯ ಚಳಿಗಾಲ ಅತಿ ಕಠಿಣ. ನವೆಂಬರ್ ಕೊನೆ, ಡಿಸೆಂಬರ್ ಮೊದಲಲ್ಲಿ ಮನೆಮಂದಿ, ನೆರೆಹೊರೆಯವರು ಸೇರಿ ಚಳಿಗಾಲಕ್ಕೆಲ್ಲ ಸಾಲುವಷ್ಟು ಕಿಮ್ಚಿ ಹಾಕುತ್ತಾರೆ. ದಕ್ಷಿಣ ಕೊರಿಯಾದ ಈ ಪದ್ಧತಿ 2013ರಲ್ಲಿ ಯುನೆಸ್ಕೋದ ಪಾರಂಪರಿಕ ಪಟ್ಟಿಗೆ ಸೇರಿತು. ಅಂದಿನ ಕೆಲಸದ ನಡುವೆ ಚೀನೀ ಕೋಸಿನ ಎಳೆಯ ಒಳ ಎಲೆಗಳಿಗೆ ಅದೇ ಖಾರ ಸವರಿ ಅಲ್ಲಿಯೇ ತಿನ್ನುವುದುಂಟು. ಅದೂ ಗೊತ್‌ಜೊರಿಯೇ. ಚಳಿಗಾಲದ ಕೊನೆಗೆ ದಕ್ಷಿಣ ಕರಾವಳಿಯ ಹೊಲಗಳಿಂದ 'ಬೊಮ್‌ಡೊಂಗ್' ಎಂಬ, ಗಡ್ಡೆ ಕಟ್ಟದೆ ನೆಲಕ್ಕೆ ಹರಡಿಕೊಳ್ಳುವ ಕೋಸು ಬರುತ್ತದೆ. ಬೇಸಿಗೆಯಲ್ಲಿ ಎಳೆ ಮೂಲಂಗಿ ಸೊಪ್ಪು ಮತ್ತು ಲೆಟ್ಯೂಸ್ ಸೊಪ್ಪಿನ ಸರದಿ. ಸಾಲಿನಲ್ಲಿ ಒತ್ತಾಗಿ ಹುಟ್ಟಿದ ಸಸಿಗಳನ್ನು ತೆಳುವು ಮಾಡುವಾಗ ಕಿತ್ತ ಎಳೆಯ ಕೋಸಿನ ಗಿಡಗಳನ್ನೂ ಅಲ್ಲಿ ಬಿಸಾಡುವುದಿಲ್ಲ. ಅವೂ ಈ ಪಚಡಿಗೆ ಸಲ್ಲುತ್ತವೆ.

ನಮ್ಮ ಉತ್ತರ ಕರ್ನಾಟಕದ ರೈತರಿಗೆ ಇದು ತೀರ ಹೊಸದೆನಿಸಲಾರದು. ಜೋಳದ ರೊಟ್ಟಿಯೊಡನೆ ಹಸಿ ಮೆಂತ್ಯ, ಹಕ್ಕರಕಿ, ಉಳ್ಳಾಗಡ್ಡಿ ಸೊಪ್ಪನ್ನು ಗುರೆಳ್ಳಿನ ಪುಡಿ, ಎಣ್ಣೆ ಸೇರಿಸಿ ತಿನ್ನುವವರು ಅವರು. ಅಲ್ಲಿ ಗುರೆಳ್ಳು, ಇಲ್ಲಿ ಎಳ್ಳು. ರೀತಿ ಬೇರೆಯಾದರೂ ನೀತಿ ಒಂದೇ.

ಮೆಣಸಿನ ಪುಡಿಯ ಆಯ್ಕೆ

ಮೆಣಸಿನಕಾಯಿ ನಮ್ಮಲ್ಲಿಯಂತೆ ಕೊರಿಯಾದಲ್ಲಿಯೂ ಹೊರಗಿನಿಂದ ಬಂದ ಬೆಳೆ. ಅದರ ಮೂಲ ಅಮೆರಿಕ ಖಂಡ. 1614ರಲ್ಲಿ ಯಿ ಸು-ಗ್ವಾಂಗ್ ಎಂಬ ವಿದ್ವಾಂಸರು ಬರೆದ ಗ್ರಂಥದಲ್ಲಿ ಅದು ಜಪಾನಿನಿಂದ ಬಂದುದಾಗಿ ಹೇಳಿದೆ. ಅಲ್ಲಿ ಹಣ್ಣು ಮೆಣಸಿನಕಾಯಿಯನ್ನು ಒಣಗಿಸಿ, ಬೀಜವನ್ನು ಬಹುಪಾಲು ತೆಗೆದು, ತರಿತರಿಯಾಗಿ ಪುಡಿ ಮಾಡುತ್ತಾರೆ. ಬಿಸಿಲಿನಲ್ಲಿ ಒಣಗಿಸಿದ್ದಕ್ಕೆ ಬೆಲೆ ಹೆಚ್ಚು. ಈ ಪುಡಿಗೆ ಬಣ್ಣ ಜಾಸ್ತಿ, ಖಾರ ಹದ.

ಈ ಗುಣಕ್ಕೆ ಹತ್ತಿರವಾದ ಕಾಯಿ ನಮ್ಮ ಬ್ಯಾಡಗಿ ಮೆಣಸಿನಕಾಯಿ. ಕಡುಗೆಂಪು ಬಣ್ಣಕ್ಕೂ ಕಡಿಮೆ ಖಾರಕ್ಕೂ ಅದು ಹೆಸರಾಗಿದೆ. ತೊಟ್ಟು, ಬೀಜ ತೆಗೆದು, ಬಿಸಿಲಿಗೆ ಹಾಕಿ ಗರಿಗರಿ ಮಾಡಿ, ಒರಳಿನಲ್ಲಿ ತರಿಯಾಗಿ ಕುಟ್ಟಿಕೊಂಡರೆ ಸಾಕು. ಗುಂಟೂರು ಮೆಣಸಿನಕಾಯಿಯನ್ನು ಅದೇ ಅಳತೆಯಲ್ಲಿ ಹಾಕಿದರೆ ಖಾರ ಮಿತಿಮೀರುತ್ತದೆ. ನುಣ್ಣನೆಯ ಪುಡಿ ಎಲೆಗೆ ಮೆತ್ತಿಕೊಂಡು ಕೆಸರಿನಂತಾಗುತ್ತದೆ.

ಬೇಕಾಗುವ ಸಾಮಗ್ರಿಗಳು (ನಾಲ್ಕೈದು ಜನರಿಗೆ)

ಲೆಟ್ಯೂಸ್ ಸೊಪ್ಪು: 250 ಗ್ರಾಂ
ಎಳೆ ಈರುಳ್ಳಿ, ಸೊಪ್ಪು ಸಹಿತ: 2
ತರಿ ಮೆಣಸಿನ ಪುಡಿ: 1 ದೊಡ್ಡ ಚಮಚ
ಸೋಯಾ ಸಾಸ್: 2 ದೊಡ್ಡ ಚಮಚ
ವಿನೆಗರ್ ಅಥವಾ ನಿಂಬೆರಸ: 1 ದೊಡ್ಡ ಚಮಚ
ಸಕ್ಕರೆ: 2 ಟೀ ಚಮಚ
ಬೆಳ್ಳುಳ್ಳಿ: 3-4 ಎಸಳು, ಜಜ್ಜಿದ್ದು
ಎಳ್ಳೆಣ್ಣೆ: 1 ದೊಡ್ಡ ಚಮಚ
ಹುರಿದ ಎಳ್ಳು: 1 ದೊಡ್ಡ ಚಮಚ

ಸೋಯಾ ಸಾಸ್ ಸಿಗದ ಕಡೆ ರುಚಿಗೆ ತಕ್ಕಷ್ಟು ಉಪ್ಪು ಹಾಕಬಹುದು. ಸ್ವಾದ ಸ್ವಲ್ಪ ಬೇರೆಯಾಗುತ್ತದೆ, ಅಷ್ಟೆ. ಕೊರಿಯಾದಲ್ಲಿ ಕೋಸಿನ ಗೊತ್‌ಜೊರಿಗೆ ಹುದುಗಿಸಿದ ಸಣ್ಣ ಮೀನಿನ ರಸವನ್ನೂ ಸೇರಿಸುತ್ತಾರೆ. ಅಲ್ಲಿ ಎಳ್ಳನ್ನು ಹುರಿದ ಮೇಲೆ ಎಣ್ಣೆ ತೆಗೆಯುವುದರಿಂದ ಎಣ್ಣೆಗೆ ಘಮಲು ಹೆಚ್ಚು. ನಮ್ಮ ಗಾಣದ ಎಣ್ಣೆಯನ್ನು ಬಳಸುವಾಗ ಎಳ್ಳನ್ನು ಕೆಂಪಗೆ ಹುರಿದು, ಅರ್ಧವನ್ನು ಜಜ್ಜಿ ಹಾಕಿದರೆ ಆ ಕೊರತೆ ನೀಗುತ್ತದೆ.

ಮಾಡುವ ವಿಧಾನ

ಎಲೆಗಳನ್ನು ಒಂದೊಂದಾಗಿ ಬಿಡಿಸಿ, ಶುದ್ಧ ನೀರಿನಲ್ಲಿ ಮೂರು ನಾಲ್ಕು ಸಲ ತೊಳೆಯಬೇಕು. ಬುಟ್ಟಿಗೆ ಹಾಕಿ ನೀರು ಪೂರ್ತಿ ಸೋರಲು ಬಿಡಬೇಕು. ಎಲೆಯಲ್ಲಿ ನೀರು ನಿಂತರೆ ಮಸಾಲೆ ಹಿಡಿಯುವುದಿಲ್ಲ. ದೊಡ್ಡ ಎಲೆಗಳನ್ನು ಕೈಯಿಂದಲೇ ಎರಡು ಮೂರು ತುಂಡು ಮಾಡಿಕೊಳ್ಳಬೇಕು.

ಎಣ್ಣೆ ಮತ್ತು ಎಳ್ಳನ್ನು ಬಿಟ್ಟು ಉಳಿದ ಮಸಾಲೆಯನ್ನೆಲ್ಲ ಅಗಲ ಪಾತ್ರೆಯಲ್ಲಿ ಕಲಸಿ ಹತ್ತು ನಿಮಿಷ ಬಿಟ್ಟರೆ ಮೆಣಸಿನ ತರಿ ನೆನೆದು ಬಣ್ಣ ಬಿಡುತ್ತದೆ. ಎಲ್ಲರೂ ಊಟಕ್ಕೆ ಕುಳಿತ ಮೇಲೆ ಸೊಪ್ಪು, ಹೆಚ್ಚಿದ ಎಳೆ ಈರುಳ್ಳಿ ಹಾಕಿ, ಬೆರಳ ತುದಿಯಿಂದ ಹಗುರಾಗಿ ಮೇಲೆ ಕೆಳಗೆ ಮಾಡಬೇಕು. ಹಿಸುಕಬಾರದು. ಕೊನೆಯಲ್ಲಿ ಎಣ್ಣೆ, ಎಳ್ಳು ಸೇರಿಸಿ ಕೂಡಲೇ ಬಡಿಸಬೇಕು.

ಈ ಅವಸರಕ್ಕೆ ಕಾರಣವುಂಟು. ಉಪ್ಪು ತಗಲಿದ ಕೂಡಲೇ ಎಲೆಯೊಳಗಿನ ನೀರು ಹೊರಕ್ಕೆ ಬರತೊಡಗುತ್ತದೆ. ಲೆಟ್ಯೂಸಿನಂಥ ತೆಳು ಎಲೆ ಸ್ವಲ್ಪ ಹೊತ್ತಿನಲ್ಲೇ ಜೋತುಬೀಳುತ್ತದೆ. ಚೀನೀ ಕೋಸಿನ ದಪ್ಪ ದಂಟಿಗಾದರೆ ಇದೇ ಗುಣ ಬೇಕು. ಅದಕ್ಕೆ ಮೊದಲು ಉಪ್ಪು ಎರಚಿ, ಅರ್ಧ ಗಂಟೆ ಬಿಟ್ಟು, ತೊಳೆದು, ಹಿಂಡಿ, ಅನಂತರ ಮಸಾಲೆ ಹಾಕಲಾಗುತ್ತದೆ.

ಹಸಿ ಸೊಪ್ಪಿನ ಹಿಂದಿನ ಅಪಾಯ

ಖಾರ, ಬೆಳ್ಳುಳ್ಳಿ, ಹುಳಿ ಇಷ್ಟೆಲ್ಲ ಇರುವಾಗ ಸೊಪ್ಪಿನಲ್ಲಿರುವ ರೋಗಾಂಶ ಸಾಯುವುದಿಲ್ಲವೇ ಎಂದು ಕೆಲವರು ಕೇಳಬಹುದು. ಸಾಯುವುದಿಲ್ಲ. ಮುಖ್ಯವಾಗಿ ಹೊಟ್ಟೆಯ ದುಂಡು ಜಂತುಹುಳುವಿನ ಮೊಟ್ಟೆಗೆ ಗಟ್ಟಿ ಕವಚವಿರುತ್ತದೆ. ಪ್ರಯೋಗಶಾಲೆಯಲ್ಲಿ ಫಾರ್ಮಾಲಿನ್ ದ್ರಾವಣದಲ್ಲಿ ಇಟ್ಟರೂ ಅದರೊಳಗಿನ ಮರಿ ಬೆಳೆಯುತ್ತದೆ. ಇನ್ನು ನಿಂಬೆರಸ ಏನು ಮಾಡೀತು? ಒಂದು ಹೆಣ್ಣು ಹುಳು ದಿನಕ್ಕೆ ಸುಮಾರು 2 ಲಕ್ಷ ಮೊಟ್ಟೆಗಳನ್ನಿಡುತ್ತದೆ. ಮಲದೊಡನೆ ಮಣ್ಣು ಸೇರಿದ ಮೊಟ್ಟೆಗಳು ವರ್ಷಗಟ್ಟಲೆ ಬದುಕಬಲ್ಲವು.

ಕೊರಿಯಾದಲ್ಲಿ ಹಿಂದೆ ಮನುಷ್ಯರ ಮಲವನ್ನೇ ತರಕಾರಿಗೆ ಗೊಬ್ಬರವಾಗಿ ಹಾಕುತ್ತಿದ್ದರು. ಅದೇ ತರಕಾರಿಯನ್ನು ಹಸಿಯಾಗಿ ತಿನ್ನುತ್ತಿದ್ದರು. ಫಲವೇನಾಯಿತು? 1963ರಲ್ಲಿ ಜೊಂಜು ನಗರದ ಆಸ್ಪತ್ರೆಯಲ್ಲಿ ಒಂಬತ್ತು ವರ್ಷದ ಹುಡುಗಿಯೊಬ್ಬಳ ಕರುಳಿನಿಂದ 1,063 ಹುಳುಗಳನ್ನು ಹೊರತೆಗೆಯಲಾಯಿತು. ಮಗು ಉಳಿಯಲಿಲ್ಲ. ದೇಶವೇ ಬೆಚ್ಚಿಬಿದ್ದಿತು. ಮರುವರ್ಷ ಜಂತು ನಿರ್ಮೂಲನಕ್ಕಾಗಿ ಸಂಘವೊಂದು ಸ್ಥಾಪನೆಯಾಯಿತು. 1966ರಲ್ಲಿ ಕಾಯಿದೆ ಬಂದಿತು. 1969ರಿಂದ 1995ರ ವರೆಗೆ ಶಾಲಾಮಕ್ಕಳ ಮಲ ಪರೀಕ್ಷೆ ನಡೆಸಿ, ಹುಳುವಿದ್ದವರಿಗೆ ಔಷಧಿ ಕೊಡಲಾಯಿತು.

1971ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಶೇಕಡ 84.3 ಜನರಲ್ಲಿ ಯಾವುದಾದರೊಂದು ಜಂತುವಿನ ಮೊಟ್ಟೆ ಕಂಡುಬಂದಿತ್ತು. ದುಂಡು ಹುಳು ಒಂದೇ ಶೇಕಡ 54.9ರಷ್ಟಿತ್ತು. 1997ರ ಸಮೀಕ್ಷೆಯ ವೇಳೆಗೆ ಈ ಅಂಕಿಗಳು ಶೇಕಡ 2.4 ಮತ್ತು 0.06ಕ್ಕೆ ಇಳಿದವು. ಇದು ಔಷಧಿಯೊಂದರಿಂದಲೇ ಆದ ಕೆಲಸವಲ್ಲ. ರಾಸಾಯನಿಕ ಗೊಬ್ಬರ ಬಳಕೆಗೆ ಬಂದು ಮಲದ ಗೊಬ್ಬರ ನಿಂತಿತು. ಶುದ್ಧ ನೀರು, ಶೌಚಾಲಯ ಬಂದವು. ಹುಳುವಿನ ಮೊಟ್ಟೆ ಹೊಲಕ್ಕೆ ಹೋಗುವ ದಾರಿಯೇ ಕಟ್ಟಿತು. ಇಂದು ಅಲ್ಲಿಯ ಜನ ಧೈರ್ಯವಾಗಿ ಹಸಿ ಸೊಪ್ಪು ತಿನ್ನುತ್ತಾರೆ ಎಂದರೆ ಅದರ ಹಿಂದೆ ಇಷ್ಟು ದುಡಿಮೆಯಿದೆ.

ಬೆಳೆಗಾರರು ಗಮನಿಸಬೇಕಾದ ಅಂಶಗಳು

1. ಹಸಿಯಾಗಿ ತಿನ್ನುವ ಸೊಪ್ಪಿಗೆ ಚರಂಡಿ ನೀರು, ಊರ ಕೊಳಚೆ ಸೇರುವ ಹಳ್ಳದ ನೀರು ಖಂಡಿತ ಕೂಡದು. ಬಾವಿ ಅಥವಾ ಕೊಳವೆ ಬಾವಿಯ ನೀರನ್ನು ಎಲೆಗೆ ಸಿಡಿಯದಂತೆ ಬುಡಕ್ಕೆ ಹಾಯಿಸುವುದು ಉತ್ತಮ.

2. ಹಸಿ ಸಗಣಿ, ಕೋಳಿ ಗೊಬ್ಬರವನ್ನು ನೇರವಾಗಿ ಹಾಕಬಾರದು. ಹಸಿ ಗೊಬ್ಬರ ಹಾಕಿದ ದಿನಕ್ಕೂ ಕೊಯ್ಲಿಗೂ 120 ದಿನಗಳ ಅಂತರವಿರಬೇಕೆಂಬ ನಿಯಮ ಅಮೆರಿಕದ ಸಾವಯವ ಕೃಷಿಯಲ್ಲಿದೆ. ನಮ್ಮ ಸೊಪ್ಪುಗಳು ಅದಕ್ಕೆ ಬಹಳ ಮೊದಲೇ ಕೊಯ್ಲಿಗೆ ಬರುತ್ತವೆ. ಆದ್ದರಿಂದ ಚೆನ್ನಾಗಿ ಕಳಿತ ಗೊಬ್ಬರವನ್ನೇ ಬಳಸಬೇಕು. ತಿಪ್ಪೆಯ ಒಳಗಿನ ಶಾಖ 55 ಡಿಗ್ರಿ ಸೆಲ್ಸಿಯಸ್‌ಗೆ ಏರಿ ಕೆಲವು ದಿನ ನಿಲ್ಲುವಂತೆ, ಅಂಚಿನ ಗೊಬ್ಬರವೂ ಒಳಗೆ ಸೇರುವಂತೆ ಆಗಾಗ್ಗೆ ತಿರುವಿಹಾಕಬೇಕು.

3. ಕೀಟನಾಶಕ ಸಿಂಪಡಿಸಿದ್ದರೆ ಡಬ್ಬಿಯ ಮೇಲೆ ನಮೂದಿಸಿದ ದಿನಗಳು ಕಳೆಯುವವರೆಗೆ ಕೊಯ್ಯಬಾರದು.

4. ಲೆಟ್ಯೂಸ್ ತಂಪು ಹವೆಯ ಬೆಳೆ. ಗಿಡವನ್ನೇ ಕೀಳದೆ ಹೊರಗಿನ ಎಲೆಗಳನ್ನು ಮಾತ್ರ ಬಿಡಿಸಿಕೊಂಡು, ಸುಳಿಯನ್ನು ಉಳಿಸಿದರೆ ಹಲವು ವಾರ ಎಲೆ ಸಿಗುತ್ತದೆ. ತಂಪು ಹೊತ್ತಿನಲ್ಲಿ ಕಿತ್ತು ನೆರಳಿನಲ್ಲಿಡಬೇಕು. ಕಿತ್ತ ಸೊಪ್ಪನ್ನು ಹಳ್ಳದಲ್ಲಿ ಅದ್ದಿ ಪೇಟೆಗೆ ಒಯ್ಯುವ ಪದ್ಧತಿಯನ್ನು ಬಿಡಬೇಕು.

5. ಅಂಗನವಾಡಿ, ಶಾಲೆಗಳಲ್ಲಿ ಜಂತುಹುಳು ನಿವಾರಣಾ ದಿನದಂದು ಕೊಡುವ ಮಾತ್ರೆಯನ್ನು ಮಕ್ಕಳಿಗೆ ತಪ್ಪದೆ ಕೊಡಿಸಬೇಕು. ನಮ್ಮ ದೇಶದಲ್ಲಿ ಈ ಕಾರ್ಯಕ್ರಮ 2015ರಿಂದ ನಡೆಯುತ್ತಿದೆ.

ನೀರಿನ ಬಗ್ಗೆ ಸಂದೇಹವಿದ್ದರೆ

ಪೇಟೆಯಿಂದ ತಂದ, ಯಾವ ನೀರಿನಲ್ಲಿ ಬೆಳೆದದ್ದೆಂದು ತಿಳಿಯದ ಸೊಪ್ಪನ್ನು ಹಸಿಯಾಗಿ ತಿನ್ನಬಾರದು. ಇದಕ್ಕೂ ಕೊರಿಯಾದವರಲ್ಲಿ ಒಂದು ಕ್ರಮವುಂಟು. ಪಾಲಕ್ ಮುಂತಾದ ಸೊಪ್ಪನ್ನು ಕುದಿಯುವ ನೀರಿಗೆ ಹಾಕಿ, ಒಂದು ನಿಮಿಷದಲ್ಲಿ ತೆಗೆದು, ತಣ್ಣೀರಿನಲ್ಲಿ ಅದ್ದಿ, ಹಿಂಡಿ, ಎಳ್ಳು, ಎಣ್ಣೆ, ಬೆಳ್ಳುಳ್ಳಿಯೊಡನೆ ಕಲಸುತ್ತಾರೆ. ಇದಕ್ಕೆ 'ನಾಮುಲ್' ಎಂದು ಹೆಸರು. ತಣಿಸುವ ನೀರೂ ಕುದಿಸಿ ಆರಿಸಿದ್ದಾಗಿರಲಿ. ಕುದಿನೀರಿನ ಶಾಖವನ್ನು ಜಂತುವಿನ ಮೊಟ್ಟೆ ತಡೆಯಲಾರದು. ದಂಟು, ಪಾಲಕ್ ಸೊಪ್ಪುಗಳಲ್ಲಿರುವ ಆಕ್ಸಲಿಕ್ ಆಮ್ಲದ ಒಂದಂಶವೂ ಬಸಿದ ನೀರಿನೊಡನೆ ಹೋಗುತ್ತದೆ. ಮೇಲೆ ಹೇಳಿದ ಖಾರದ ಮಸಾಲೆ ಇದಕ್ಕೂ ಒಪ್ಪುತ್ತದೆ.

ರೈತ ಕುಟುಂಬಕ್ಕೆ ಈ ವಿಷಯದಲ್ಲಿ ಒಂದು ಅನುಕೂಲವಿದೆ. ಸೊಪ್ಪು ಯಾವ ನೀರು ಕುಡಿಯಿತು, ಯಾವ ಗೊಬ್ಬರ ಉಂಡಿತು ಎಂಬುದು ಪೇಟೆಯಲ್ಲಿ ಕೊಳ್ಳುವವನಿಗೆ ತಿಳಿಯದು, ಬೆಳೆದವನಿಗೆ ತಿಳಿದಿರುತ್ತದೆ. ಹಿತ್ತಲಿನಲ್ಲಿ ಒಂದು ಮಡಿಯನ್ನು ಶುದ್ಧ ನೀರು, ಕಳಿತ ಗೊಬ್ಬರದಿಂದ ಬೆಳೆಸಿ ಮನೆಮಂದಿ ಹಸಿಯಾಗಿ ತಿನ್ನಲಿ. ಪೇಟೆಗೆ ಹೋಗುವ ಮಡಿಗಳಿಗೂ ಅದೇ ನೀರು, ಅದೇ ಗೊಬ್ಬರ ಸಲ್ಲಲಿ. ಕೊಂಡು ತಿನ್ನುವವರ ಮನೆಯಲ್ಲಿಯೂ ಮಕ್ಕಳಿದ್ದಾರೆ.